ಕಿಟೆಲ್ ಹುಟ್ಟಿದ ಊರಿನಲ್ಲಿ ನಾಲ್ಕು ದಿನ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಇದೆ. ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನೋಡಿಲ್ಲದವರೂ ಯಾವುದೋ ಲೈಬ್ರರಿಯಲ್ಲಿ ಅವರು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟಿನ, ಅಂದರೆ ಕಿಟೆಲ್ ಕೋಶದ, ದಪ್ಪ ಬೆನ್ನನ್ನಾದರೂ ನೋಡಿರುತ್ತೀರಿ. ಅವರ ಬಗ್ಗೆ ಮಾತು ಬಂದಾಗ ನಾವು ‘ಜರ್ಮನಿಯಿಂದ ಬಂದವರು’ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ಶಾಲೆಯಲ್ಲಿ ನಾನೂ ಹಾಗೇ ಹೇಳಿಕೊಂಡು ಬಂದೆ. ಒಂದು ಸಲ ಒಬ್ಬ ಹುಡುಗ ಎದ್ದು ನಿಂತು, ‘ಸರ್, ಜರ್ಮನಿಯಲ್ಲಿ ಯಾವ ಊರು?’ ಅಂದ. ನನಗೆ ಗೊತ್ತಿರಲಿಲ್ಲ. ‘ಕೂತ್ಕೋ’ ಅಂದೆ. ಗೊತ್ತಿಲ್ಲದ್ದಕ್ಕೆಲ್ಲ ನಾವು ಮೇಷ್ಟ್ರುಗಳು ಕೊಡುವ ಉತ್ತರ ಅದು.

ಊರಿನ ಹೆಸರು ರೆಸ್ಟರ್‌ಹಾಫೆ. ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು ಅಲ್ಲಿ, 1832ರ ಏಪ್ರಿಲ್‌ನಲ್ಲಿ. ಅಪ್ಪ ಪಾದ್ರಿ. ನಮ್ಮ ಕಡೆ ಮಜರೆ ಅನ್ನುತ್ತೇವಲ್ಲ, ಅಷ್ಟು ಚಿಕ್ಕ ಊರು. ಈಗ ಅದು ಡೋರ್ನುಮ್ ಅನ್ನುವ ಪಂಚಾಯಿತಿಗೆ ಸೇರುತ್ತದೆ. ಪಂಚಾಯಿತಿ ಅಂದದ್ದು ಸುಮ್ನೆ ಅರ್ಥವಾಗಲಿ ಅಂತ. ಹತ್ತಾರು ಹಳ್ಳಿಗಳು ಸೇರಿ ಒಂದು ಆಡಳಿತ, ಒಟ್ಟು ಜನ ಸುಮಾರು ನಾಲ್ಕೂವರೆ ಸಾವಿರ. ಜರ್ಮನಿಯ ವಾಯವ್ಯ ಮೂಲೆ, ಉತ್ತರ ಸಮುದ್ರದ ದಂಡೆ. ಆ ಸೀಮೆಗೆ ಪೂರ್ವ ಫ್ರೀಸ್‌ಲ್ಯಾಂಡ್ ಅಂತ ಹೆಸರು. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ನೆದರ್ಲೆಂಡ್ಸ್.

ನನ್ನ ಮಗಳು ಬ್ರೆಮೆನ್‌ನಲ್ಲಿದ್ದಾಳೆ. ಹೋದ ವರ್ಷ ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ, ‘ಅಪ್ಪ, ಬರ್ಲಿನ್ ನೋಡ್ತೀಯಾ, ಮ್ಯೂನಿಕ್ ನೋಡ್ತೀಯಾ?’ ಅಂದಳು. ರೆಸ್ಟರ್‌ಹಾಫೆ ಅಂದೆ. ‘ಅದು ಎಲ್ಲಿದೆ?’ ಅಂದಳು. ಜರ್ಮನಿಯಲ್ಲಿ ಆರು ವರ್ಷದಿಂದ ಇರುವವಳು ಅವಳು!

ಬ್ರೆಮೆನ್‌ನಿಂದ ನೋರ್ಡನ್ ಅನ್ನುವ ಪಟ್ಟಣಕ್ಕೆ ರೈಲು. ಅಲ್ಲಿಂದ ಡೋರ್ನುಮ್‌ಗೆ ಬಸ್ಸು. ನೋರ್ಡನ್‌ನಿಂದ ಡೋರ್ನುಮ್‌ವರೆಗೆ ಹಳೆಯ ರೈಲು ಹಳಿಯೂ ಇದೆ, ಆದರೆ ಈಗ ಅದರ ಮೇಲೆ ಓಡುವುದು ಹವ್ಯಾಸಿಗಳು ಉಳಿಸಿಕೊಂಡ ಹಳೇ ಕಾಲದ ಗಾಡಿ, ಅದೂ ಬೇಸಿಗೆಯ ಭಾನುವಾರಗಳಲ್ಲಿ. ನಾವು ಹೋದದ್ದು ಶನಿವಾರ. ಬಸ್ಸಿನ ವೇಳಾಪಟ್ಟಿ ಮಗಳು ನೋಡಿದಳು, ಆದರೆ ಶಾಲೆ ಇರುವ ದಿನದ ಕಾಲಂ ನೋಡಿದಳು. ಶಾಲೆ ಇಲ್ಲದ ದಿನ ಬಸ್ಸು ಬೇರೆ. ಒಂದೂವರೆ ಗಂಟೆ ನಿಲ್ದಾಣದಲ್ಲಿ ನಿಂತೆವು. ಹಳ್ಳಿ ಬಸ್ಸು ಎಲ್ಲ ಕಡೆಯೂ ಶಾಲೆ ಮಕ್ಕಳನ್ನು ನಂಬಿಕೊಂಡೇ ಓಡುತ್ತದೆ ಅಂತ ಅವತ್ತು ಗೊತ್ತಾಯಿತು. ನೀವು ಹೋಗುವುದಾದರೆ ಇದೊಂದನ್ನು ನೆನಪಿಡಿ. ಹೋಟೆಲ್ಲು, ವೀಸಾ ಎಲ್ಲ ಹೇಗೋ ಆಗುತ್ತದೆ.

ಬಸ್ಸಿನ ಕಿಟಕಿಯಿಂದ ಮೊದಲು ಕಂಡದ್ದು ಏನು ಅಂದರೆ, ಏನೂ ಇಲ್ಲ. ಗುಡ್ಡ ಇಲ್ಲ, ದಿಣ್ಣೆ ಇಲ್ಲ. ನಾನು ಕುಮಟೆ ಕಡೆಯವನು. ಒಂದು ಕಡೆ ಸಮುದ್ರ ಇದ್ದರೆ ಇನ್ನೊಂದು ಕಡೆ ಘಟ್ಟ ಇರಲೇಬೇಕು ಅನ್ನುವ ಲೆಕ್ಕ ನನ್ನದು. ಅಲ್ಲಿ ಘಟ್ಟದ ಜಾಗದಲ್ಲಿ ಆಕಾಶ. ದೋಸೆ ಕಾವಲಿಯ ಹಾಗೆ ನೆಲ. ಅದರ ಮೇಲೆ ದನ, ಗಾಳಿ ಗಿರಣಿಗಳು, ಕೆಂಪು ಇಟ್ಟಿಗೆ ಮನೆಗಳು. ಸಮುದ್ರ ಎಲ್ಲಿ ಅಂತ ಕೇಳಿದೆ. ಮಗಳು ದೂರದಲ್ಲಿ ಒಂದು ಹಸಿರು ಗೋಡೆಯ ಹಾಗೆ ಉದ್ದಕ್ಕೆ ಮಲಗಿದ್ದ ಏರಿಯನ್ನು ತೋರಿಸಿದಳು. ಸಮುದ್ರ ಅದರ ಆಚೆ. ಈಚೆ ಇರುವವರಿಗೆ ಸಮುದ್ರ ಕಾಣುವುದೇ ಇಲ್ಲ.

ಈ ಏರಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಗೊತ್ತಾಗದೆ ಆ ಊರು ಅರ್ಥವಾಗುವುದಿಲ್ಲ.

ಆ ನೆಲ ಸಮುದ್ರದ ಮಟ್ಟಕ್ಕೆ ಹೆಚ್ಚು ಕಡಿಮೆ ಸಮ. ಕೆಲವು ಕಡೆ ಅದಕ್ಕಿಂತ ತಗ್ಗು. ಮೊದಲು ಬಂದ ಜನ ಏರಿ ಕಟ್ಟಲಿಲ್ಲ. ಮಣ್ಣು, ಸಗಣಿ, ಹುಲ್ಲುಹೆಂಟೆ ಹೊತ್ತು ಹಾಕಿ ದಿಬ್ಬ ಮಾಡಿಕೊಂಡರು. ದಿಬ್ಬದ ಮೇಲೆ ಮನೆ. ನೀರು ಬಂದರೆ ಬರಲಿ, ಹೋದರೆ ಹೋಗಲಿ. ಇದಕ್ಕೆ ವಾರ್ಫ್ಟ್ ಅನ್ನುತ್ತಾರೆ. ಈಗಲೂ ಆ ಕಡೆಯ ಹಳೇ ಚರ್ಚುಗಳೆಲ್ಲ ಇಂಥ ದಿಬ್ಬದ ಮೇಲೇ ಇವೆ. ಅಲ್ಲಿ ಚರ್ಚಿಗೆ ಹೋಗುವಾಗ ನಾಲ್ಕು ಹೆಜ್ಜೆ ಏರು ಸಿಕ್ಕರೆ, ಆ ಏರನ್ನು ಯಾರೋ ಬುಟ್ಟಿಯಲ್ಲಿ ಹೊತ್ತು ಹಾಕಿದ್ದಾರೆ ಅಂತ ತಿಳಿಯಿರಿ.

ಆಮೇಲೆ ಏರಿ ಕಟ್ಟಲು ಶುರು ಮಾಡಿದರು. 13ನೇ ಶತಮಾನದ ಹೊತ್ತಿಗೆ ತುಂಡು ತುಂಡು ಏರಿಗಳು ಕೂಡಿಕೊಂಡು ಕರಾವಳಿಯ ಉದ್ದಕ್ಕೂ ಒಂದೇ ಸಾಲು ಆಯಿತು. ಅದನ್ನು ಅವರು ಚಿನ್ನದ ಉಂಗುರ ಅನ್ನುತ್ತಾರೆ. ಮಣ್ಣಿನ ಏರಿಗೆ ಚಿನ್ನದ ಹೆಸರು. ಸುಮ್ನೆ ಇಟ್ಟ ಹೆಸರಲ್ಲ. ಒಬ್ಬ ತನ್ನ ಪಾಲಿನ ಏರಿಯನ್ನು ಸರಿಯಾಗಿ ಇಡದಿದ್ದರೆ ಇಡೀ ಸೀಮೆ ಮುಳುಗುತ್ತಿತ್ತು. ಅದಕ್ಕೆ ಒಂದು ಕಟ್ಟಳೆ ಇತ್ತು. ತನ್ನ ಪಾಲಿನ ಏರಿ ರಿಪೇರಿ ಮಾಡಲು ಕೈಲಾಗದವನು ತನ್ನ ಸನಿಕೆಯನ್ನು ಏರಿಯಲ್ಲಿ ಚುಚ್ಚಿ ಹೊರಡಬೇಕು. ಆ ಸನಿಕೆಯನ್ನು ಕಿತ್ತುಕೊಂಡವನಿಗೆ ಏರಿಯ ಜವಾಬ್ದಾರಿ, ಜೊತೆಗೆ ಅವನ ಹೊಲ, ಮನೆ ಎಲ್ಲ. ಏರಿ ಕಟ್ಟದವನು ಜಾಗ ಬಿಡಬೇಕು ಅಂತ ಅವರಲ್ಲಿ ಗಾದೆಯೇ ಇದೆ, ಜರ್ಮನ್‌ನಲ್ಲಿ ಪ್ರಾಸ ಕೂಡ ಕೂಡುತ್ತದೆ. ದೇವರು ಸಮುದ್ರ ಮಾಡಿದ, ದಂಡೆಯನ್ನು ನಾವು ಮಾಡಿದೆವು ಅಂತ ಇನ್ನೊಂದು ಮಾತು. ಸ್ವಲ್ಪ ಸೊಕ್ಕಿನ ಮಾತು ಅಲ್ವಾ? ಏರಿಯ ಮೇಲೆ ನಿಂತು ಎರಡೂ ಕಡೆ ನೋಡಿದ ಮೇಲೆ ನನಗೆ ಸೊಕ್ಕು ಅನ್ನಿಸಲಿಲ್ಲ.

ಆದರೆ ಏರಿ ಒಡೆದದ್ದೂ ಇದೆ. 1717ರ ಕ್ರಿಸ್‌ಮಸ್ ರಾತ್ರಿ ಚಂಡಮಾರುತ ಎದ್ದು ನೀರು ಒಳಗೆ ನುಗ್ಗಿತು. ನೆದರ್ಲೆಂಡ್ಸ್‌ನಿಂದ ಡೆನ್ಮಾರ್ಕ್‌ವರೆಗೆ ಸತ್ತವರು ಸುಮಾರು 11 ಸಾವಿರ. ಜನ ನಿದ್ದೆಯಲ್ಲಿದ್ದರು. ಆ ಸೀಮೆಯಲ್ಲಿ ಮುನ್ನೂರು ವರ್ಷದ ಮೇಲೂ ಆ ರಾತ್ರಿಯನ್ನು ಹೆಸರು ಹಿಡಿದೇ ನೆನೆಯುತ್ತಾರೆ.

ಈಗಿನ ಏರಿ ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಹುಲ್ಲು ಹೊದ್ದುಕೊಂಡಿದೆ. ಅದರ ತುಂಬ ಕುರಿ. ನಾನು ಮೊದಲು, ಹುಲ್ಲು ಇದೆ, ಕುರಿ ಬಿಟ್ಟಿದ್ದಾರೆ ಅಂದುಕೊಂಡೆ. ಹಾಗಲ್ಲವಂತೆ. ಕುರಿಯ ಗೊರಸು ಸಣ್ಣದು. ಅದು ಓಡಾಡಿದಷ್ಟೂ ಮಣ್ಣು ಗಟ್ಟಿಯಾಗುತ್ತದೆ. ಹುಲ್ಲನ್ನು ಬುಡದವರೆಗೆ ಮೇಯುವುದರಿಂದ ಬೇರು ಒತ್ತಾಗಿ ಹಬ್ಬುತ್ತದೆ, ಅಲೆಗೆ ಕೊಚ್ಚಿಹೋಗುವುದಿಲ್ಲ. ದನ ಬಿಟ್ಟರೆ ಭಾರಕ್ಕೆ ಗುಂಡಿ ಬೀಳುತ್ತದೆ. ಅಂದರೆ ಅಲ್ಲಿನ ಕುರಿಗೆ ಕೆಲಸ ಇದೆ, ನಮ್ಮ ಲೋಕೋಪಯೋಗಿ ಇಲಾಖೆಯ ರೋಡ್ ರೋಲರ್ ಇದ್ದ ಹಾಗೆ. ಏರಿಗೆ ಹತ್ತುವ ದಾರಿಯಲ್ಲೆಲ್ಲ ಸಣ್ಣ ಗೇಟು. ದಾಟಿದವರು ಮುಚ್ಚಿಯೇ ಹೋಗಬೇಕು. ನಾನೊಮ್ಮೆ ಮರೆತೆ. ಹಿಂದಿನಿಂದ ಸೈಕಲ್ ಮೇಲೆ ಬಂದ ಅಜ್ಜಿ ಇಳಿದು, ಗೇಟು ಹಾಕಿ, ನನ್ನನ್ನು ಒಮ್ಮೆ ನೋಡಿ ಹೋದರು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಇನ್ನು ಜೀಲ್. ಅಲ್ಲಿನ ಊರ ಹೆಸರುಗಳ ಕೊನೆಗೆ ಜೀಲ್ ಅಂತ ಬರುತ್ತದೆ. ಡೋರ್ನುಮರ್‌ಜೀಲ್, ನೆಸ್ಮರ್‌ಜೀಲ್ ಅಂತ. ಜೀಲ್ ಅಂದರೆ ಏರಿಯ ಬುಡದಲ್ಲಿರುವ ಬಾಗಿಲು. ಹೊರಗಿನ ನೀರನ್ನು ಏರಿ ತಡೆಯಿತು ಸರಿ, ಒಳಗೆ ಬಿದ್ದ ಮಳೆ ನೀರು ಹೋಗುವುದು ಎಲ್ಲಿಗೆ? ಅದಕ್ಕೆ ಈ ಬಾಗಿಲು. ಸಮುದ್ರ ಇಳಿದಾಗ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಸಮುದ್ರ ಏರಿದಾಗ ಹೊರಗಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಹಳೇ ಕಾಲದ ಬಾಗಿಲಿಗೆ ಯಂತ್ರ ಬೇಡ, ಕಾವಲು ಬೇಡ. ಮಗಳಿಗೆ ಇದನ್ನು ನಾನೇ ವಿವರಿಸಿದೆ. ಅವಳಿಗೆ ಆಶ್ಚರ್ಯ. ಆಶ್ಚರ್ಯ ಏನಿದೆ? ಅಘನಾಶಿನಿ ಹೊಳೆಯ ಬದಿಯ ಗಜನಿ ಗದ್ದೆ ನೋಡಿ ಬೆಳೆದವನು ನಾನು. ಕಟ್ಟೆ ಹಾಕಿ, ಕಟ್ಟೆಗೆ ಬಾಗಿಲಿಟ್ಟು, ಉಪ್ಪುನೀರಿನ ಪಕ್ಕದಲ್ಲೇ ಕಗ್ಗ ಭತ್ತ ಬೆಳೆದವರು ನಮ್ಮವರು. ಜರ್ಮನಿಗೆ ಹೋಗಿ ನನಗೆ ಪರಿಚಯದ ವಸ್ತು ಅಂತ ಕಂಡದ್ದು ಅದೊಂದೇ. ಗದ್ದೆ ಬದಿಯಲ್ಲಿ ಕೂತ ಹಾಗೆ ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಸರಿ, ರೆಸ್ಟರ್‌ಹಾಫೆಗೆ ಬರೋಣ. ಅದನ್ನೇ ಕೇಳಲು ನೀವು ಬಂದಿರುವುದು, ಗೊತ್ತು.

ಎರಡನೇ ದಿನ ಡೋರ್ನುಮ್‌ನಿಂದ ನಡೆದೇ ಹೋದೆವು. ಹೊಲದ ನಡುವೆ ಸಣ್ಣ ಟಾರ್ ರಸ್ತೆ, ಎರಡೂ ಬದಿಗೆ ನೀರಿನ ಕಾಲುವೆ. ಗಾಳಿ ಎದುರಿಗೆ. ಆ ಊರಿನಲ್ಲಿ ಯಾವ ಕಡೆ ಹೋದರೂ ಗಾಳಿ ಎದುರಿಗೇ ಬರುತ್ತದೆ, ಅದು ಹೇಗೋ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬರಿಗೆ ನಾನು ಕಲಿತುಕೊಂಡು ಹೋಗಿದ್ದ ‘ಗುಟನ್ ಟಾಗ್’ ಅಂದೆ. ಅವರು ‘ಮೋಯಿನ್’ ಅಂದರು. ಇನ್ನೊಬ್ಬರು ಸಿಕ್ಕರು, ಮೋಯಿನ್. ಬೆಳಗ್ಗೆ ಮೋಯಿನ್, ಮಧ್ಯಾಹ್ನ ಮೋಯಿನ್, ಕತ್ತಲಾದ ಮೇಲೂ ಮೋಯಿನ್. ನಮ್ಮ ‘ಆರಾಮಾ?’ ಇದ್ದ ಹಾಗೆ, ಹೊತ್ತು ಗೊತ್ತಿನ ಹಂಗಿಲ್ಲ. ಅವರವರೊಳಗೆ ಆಡುವುದು ಜರ್ಮನ್ ಕೂಡ ಅಲ್ಲ, ಪ್ಲಾಟ್ ಅನ್ನುವ ಊರ ಭಾಷೆ. ಹಳಬರು ಈಗಲೂ ಅದನ್ನೇ ಆಡುತ್ತಾರೆ. ಶಾಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ ಇರುವ ಸೀಮೆ ಅದು. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರು ಅಂದರೆ ಏನು? ಇಟ್ಟಿಗೆಯ ಹಳೇ ಚರ್ಚು. ಸುತ್ತ ಸಮಾಧಿ ಕಲ್ಲುಗಳು, ದೊಡ್ಡ ಮರಗಳು. ಕೆಲವು ಮನೆಗಳು, ಹೊಲಗಳು. ಮುಗಿಯಿತು. ಐದು ನಿಮಿಷದಲ್ಲಿ ಊರು ನೋಡಿ ಆಗುತ್ತದೆ. ಮಗಳು ‘ಇಷ್ಟೇನಾ ಅಪ್ಪ?’ ಅಂದಳು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ನನ್ನ ಮನಸ್ಸಿನಲ್ಲಿ ಏನೇನೋ ಇತ್ತು. ಇಷ್ಟು ದೊಡ್ಡ ಕೋಶ ಬರೆದವರ ಊರು ಅಂದರೆ ಏನಾದರೂ ಇರುತ್ತದೆ ಅಂತ. ಏನಿರಬೇಕಿತ್ತು? ಕಮಾನು ಕಟ್ಟಿರಬೇಕಿತ್ತಾ?

ಚರ್ಚಿನ ಹೊರಗಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಈ ಹುಡುಗ ಹತ್ತಿರದ ಔರಿಶ್ ಪಟ್ಟಣದ ಶಾಲೆಗೆ ಹೋದ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ. 1850ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಪ್ರಚಾರ ಸಂಸ್ಥೆ ಸೇರಿದ. ಮೂರು ವರ್ಷ ಬಿಟ್ಟು, 21ನೇ ವಯಸ್ಸಿಗೆ ಹಡಗು ಹತ್ತಿ ನಮ್ಮ ಕಡೆ ಬಂದ. ಆಗ ಈ ಊರಿನ ಕಡೆ ರೈಲೇ ಇರಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ತಿರುಗಿದರು. ಶಬ್ದಮಣಿದರ್ಪಣ, ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಕೋಶ ಅಚ್ಚಾಯಿತು, ಸುಮಾರು 70 ಸಾವಿರ ಪದ. ಇದನ್ನೆಲ್ಲ ನೀವು ನೂರು ಸಲ ಕೇಳಿದ್ದೀರಿ, ಅದಕ್ಕೇ ಓಡಿಸುತ್ತಿದ್ದೇನೆ. ಆ ಬೆಂಚಿನ ಮೇಲೆ ನನಗೆ ಹೊಳೆದದ್ದು ಬೇರೆ. ಒಂದೊಂದು ಬುಟ್ಟಿ ಮಣ್ಣು ಹಾಕಿ ಸಮುದ್ರಕ್ಕೆ ಏರಿ ಕಟ್ಟಿದ ಸೀಮೆಯಲ್ಲಿ ಹುಟ್ಟಿದವನಿಗೆ, ಒಂದೊಂದು ಚೀಟಿಯಲ್ಲಿ ಪದ ಬರೆದು ಕೋಶ ಕಟ್ಟುವುದು ಅಂಥ ವಿಚಿತ್ರ ಕೆಲಸ ಅನ್ನಿಸಿರಲಿಕ್ಕಿಲ್ಲ. ಇದು ನನ್ನ ಊಹೆ, ಸಾಕ್ಷಿ ಕೇಳಬೇಡಿ. ಸಾಕ್ಷಿ ಕೇಳಿದರೆ ‘ಕೂತ್ಕೋ’ ಅನ್ನುತ್ತೇನೆ.

ಅಲ್ಲಿಂದ ಮುಂದೆ ನಾನು ಕಿಟೆಲ್ ಅವರನ್ನು ಹುಡುಕುವುದು ಬಿಟ್ಟೆ. ಊರು ನೋಡಲು ಶುರು ಮಾಡಿದೆ. ಪ್ರವಾಸ ಶುರುವಾದದ್ದೇ ಆಮೇಲೆ.

ಡೋರ್ನುಮ್ ಊರು ಚಿಕ್ಕದು, ಆದರೆ ಒಂದು ಕಾಲಕ್ಕೆ ಅಲ್ಲಿ ಮೂರು ಕೋಟೆ ಇದ್ದವು. ಮಧ್ಯಯುಗದಲ್ಲಿ ಯುರೋಪಿನ ಉಳಿದ ಕಡೆ ರಾಜ, ಸಾಮಂತ ಅಂತ ಇದ್ದಾಗ ಫ್ರೀಸ್‌ಲ್ಯಾಂಡಿನವರು ನಮಗೆ ಒಡೆಯರಿಲ್ಲ ಅನ್ನುತ್ತಿದ್ದರು. ಹಾಗೆ ಅನ್ನುತ್ತ ಅನ್ನುತ್ತ ಅವರೊಳಗೇ ಊರಿಗೊಬ್ಬ ನಾಯಕ ಎದ್ದ, ಕೋಟೆ ಕಟ್ಟಿಕೊಂಡ, ಪಕ್ಕದವನ ಜೊತೆ ಜಗಳ ತೆಗೆದ. ನಮ್ಮ ಪಾಳೆಯಗಾರರ ಕಥೆಯೇ. 1514ರ ಒಂದು ಯುದ್ಧದಲ್ಲಿ ಮೂರು ಕೋಟೆಯೂ ಹಾಳಾದವು. ಎರಡನ್ನು ಮತ್ತೆ ಕಟ್ಟಿದರು. ಒಂದರಲ್ಲಿ ಈಗ ಹೋಟೆಲ್ಲು. ಇನ್ನೊಂದು, ನೋರ್ಡರ್‌ಬುರ್ಗ್ ಅಂತ, ಸುತ್ತ ನೀರಿನ ಕಂದಕ ಇರುವ ಚೆಂದದ ಅರಮನೆ. ಅದರಲ್ಲಿ ಏನಿದೆ ಗೊತ್ತಾ? ಶಾಲೆ. ಮಕ್ಕಳು ಬ್ಯಾಗು ಹಾಕಿಕೊಂಡು ಕಂದಕದ ಸೇತುವೆ ದಾಟಿ ಕ್ಲಾಸಿಗೆ ಹೋಗುತ್ತಾರೆ. ತಡವಾಗಿ ಬಂದವರಿಗೆ ಸೇತುವೆ ಎತ್ತಿಬಿಟ್ಟರೆ ಹೇಗೆ ಅಂತ ನನ್ನ ಮೇಷ್ಟ್ರು ಬುದ್ಧಿ ಯೋಚಿಸಿತು.

ಊರ ಚರ್ಚು 13ನೇ ಶತಮಾನದ ಕೊನೆಯದು. ಎತ್ತರದ ದಿಬ್ಬದ ಮೇಲಿದೆ. ಗಂಟೆ ಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ, ಪಕ್ಕದಲ್ಲಿ ಬೇರೆಯೇ ನಿಂತಿದೆ. ಆ ಸೀಮೆಯ ಹಳೇ ಚರ್ಚುಗಳಲ್ಲಿ ಇದು ಸಾಮಾನ್ಯ. ನೆಲ ಮೆತ್ತಗೆ. ಭಾರದ ಗೋಪುರ ಕುಸಿದರೆ ಚರ್ಚನ್ನೂ ಎಳೆದುಕೊಂಡು ಬೀಳಬಾರದಲ್ಲ. ಒಳಗೆ 1711ರ ಹೊತ್ತಿನ ಆರ್ಗನ್ ವಾದ್ಯ ಇದೆ, ಗೆರ್ಹಾರ್ಡ್ ಫಾನ್ ಹೋಲಿ ಅನ್ನುವವರು ಮಾಡಿದ್ದು. ಹಳ್ಳಿ ಚರ್ಚಿಗೆ ಇಷ್ಟು ದೊಡ್ಡದು ಯಾಕೆ ಅಂತ ಕೇಳುವ ಹಾಗಿದೆ. ನಾವು ಹೋದಾಗ ಯಾರೋ ಅಭ್ಯಾಸ ಮಾಡುತ್ತಿದ್ದರು. ಒಂದೇ ಸಾಲನ್ನು ಹತ್ತು ಸಲ ನುಡಿಸಿದರು, ಹತ್ತು ಸಲವೂ ಒಂದೇ ಕಡೆ ತಪ್ಪಿದರು. ಕಛೇರಿಗಿಂತ ನನಗೆ ಅದು ಇಷ್ಟವಾಯಿತು.

ಇನ್ನು ಊರ ಗಾಳಿ ಗಿರಣಿ. ಈಗಿನ ಬಿಳಿ ಕಂಬದ್ದಲ್ಲ, ಮರದ ಹಿಟ್ಟಿನ ಗಿರಣಿ. 1626ರದ್ದು. ಒಂದೇ ಒಂದು ದಪ್ಪ ಕಂಬದ ಮೇಲೆ ಇಡೀ ಗಿರಣಿ ಮನೆ ಕೂತಿದೆ. ಗಾಳಿ ದಿಕ್ಕು ಬದಲಾದರೆ ಹಿಂದಿನಿಂದ ಉದ್ದದ ತೊಲೆ ಹಿಡಿದು ಮನೆಯನ್ನೇ ತಿರುಗಿಸಬೇಕು. ಈ ಜಾತಿಯ ಗಿರಣಿ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಉಳಿದಿರುವುದು ಇದೊಂದೇ. ಕಿಟೆಲ್ ಹುಟ್ಟಿದಾಗಲೇ ಅದಕ್ಕೆ ಇನ್ನೂರು ದಾಟಿತ್ತು. ಅದರ ಬುಡದಲ್ಲಿ ನಿಂತು ದೂರ ನೋಡಿದರೆ ಕರೆಂಟು ಮಾಡುವ ದೊಡ್ಡ ಗಾಳಿಯಂತ್ರಗಳ ಸಾಲು. ಗಾಳಿಯನ್ನು ದುಡಿಸಿಕೊಳ್ಳುವ ಬುದ್ಧಿ ಆ ಊರಿಗೆ ಹೊಸದಲ್ಲ.

ಒಂದು ಕಟ್ಟಡದ ಬಗ್ಗೆ ಮಾತ್ರ ನಗುತ್ತ ಹೇಳಲು ಆಗುವುದಿಲ್ಲ. ಊರ ನಡುವೆ ಸಣ್ಣ ಇಟ್ಟಿಗೆ ಮನೆಯಂಥದ್ದು ಇದೆ. ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. 1841ರಲ್ಲಿ ಕಟ್ಟಿದ್ದು, ಕಿಟೆಲ್‌ಗೆ ಆಗ ಒಂಬತ್ತು ವರ್ಷ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಇದಕ್ಕೆ ಇಡಲಿಲ್ಲ. ಯಾಕೆ ಅಂದರೆ ಕೆಲವೇ ದಿನ ಮೊದಲು ಕಟ್ಟಡ ಊರಿನ ಒಬ್ಬ ಬಡಗಿಗೆ ಮಾರಾಟವಾಗಿತ್ತು. ಯಹೂದಿಗಳದ್ದಲ್ಲದ ಆಸ್ತಿ ಅಂತ ಗೋಡೆ ಉಳಿಯಿತು. ಆಮೇಲೆ ಬಹಳ ಕಾಲ ಅದರಲ್ಲಿ ಮೇಜು, ಕುರ್ಚಿ ತುಂಬಿಟ್ಟಿದ್ದರು. ಆ ಸೀಮೆಯಲ್ಲಿ ಹೀಗೆ ನಿಂತುಳಿದ ಸಿನಗಾಗ್‌ಗಳು ಬಹಳ ಕಡಿಮೆ. ಈಗ ಸ್ಮಾರಕ. ಒಳಗೆ ಊರಿನ ಯಹೂದಿ ಮನೆತನಗಳ ಬಗ್ಗೆ ಹೇಳುತ್ತಾರೆ. ಕಸಾಯಿ ಅಂಗಡಿ ಇಟ್ಟವರು, ದನದ ವ್ಯಾಪಾರ ಮಾಡಿದವರು. ಅವರ ಸ್ಮಶಾನವೂ ಊರಲ್ಲೇ ಇದೆ. ಜನ ಮಾತ್ರ ಇಲ್ಲ. ಸ್ಥಳೀಯ ಇತಿಹಾಸ ಅಂದಾಗ ಊರುಗಳು ತಮಗೆ ಚೆಂದ ಕಾಣುವುದನ್ನು ಮಾತ್ರ ತೋರಿಸುತ್ತವೆ. ಇಲ್ಲಿ ಕೋಟೆಯ ದಾರಿ ತೋರಿಸುವ ಫಲಕದಲ್ಲೇ ಇದರ ದಾರಿಯನ್ನೂ ತೋರಿಸಿದ್ದಾರೆ.

ಇನ್ನು ಕೆಸರು.

ನಾಲ್ಕು ದಿನದಲ್ಲಿ ಒಂದೇ ದಿನ ಸಿಗುತ್ತದೆ ಅಂದರೆ ನಾನು ಕೆಸರಿನ ದಿನವನ್ನೇ ಆರಿಸಿಕೊಳ್ಳುತ್ತೇನೆ. ಉತ್ತರ ಸಮುದ್ರದ ಆ ದಂಡೆಯಲ್ಲಿ ನೀರು ಇಳಿದಾಗ ಸ್ವಲ್ಪ ಹಿಂದೆ ಸರಿಯುವುದಲ್ಲ, ಕಿಲೋಮೀಟರ್‌ಗಟ್ಟಲೆ ಹೋಗಿಬಿಡುತ್ತದೆ. ಸಮುದ್ರದ ತಳ ಬಯಲಾಗುತ್ತದೆ. ಇದನ್ನು ವಾಟ್ ಅನ್ನುತ್ತಾರೆ. ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ಮೂರೂ ದೇಶದ ದಂಡೆಗೆ ಸುಮಾರು 500 ಕಿಲೋಮೀಟರ್ ಹಬ್ಬಿದೆ. ಈ ಭಾಗ 1986ರಿಂದ ರಾಷ್ಟ್ರೀಯ ಉದ್ಯಾನ, 2009ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಡೋರ್ನುಮರ್‌ಜೀಲ್‌ನಲ್ಲಿ ಇದರ ಬಗ್ಗೆ ತಿಳಿಸುವ ಒಂದು ಮನೆಯನ್ನೇ ಇಟ್ಟಿದ್ದಾರೆ. ಮೊದಲು ಅಲ್ಲಿ ಹೋಗಿ ನೋಡಿ, ಆಮೇಲೆ ಕೆಸರಿಗೆ ಇಳಿಯಿರಿ.

ನೆಸ್ಮರ್‌ಜೀಲ್‌ನಿಂದ ಬಾಲ್ಟ್ರುಮ್ ಅನ್ನುವ ದ್ವೀಪಕ್ಕೆ ದೋಣಿ ಇದೆ. ದೋಣಿ ಬಿಡುವ ಹೊತ್ತು ದಿನಾ ಬೇರೆ, ಯಾಕೆಂದರೆ ನೀರು ಇದ್ದರೆ ತಾನೆ ದೋಣಿ? ನೀರು ಇಲ್ಲದಾಗ ಅದೇ ದ್ವೀಪಕ್ಕೆ ನಡೆದುಕೊಂಡು ಹೋಗಬಹುದು. ಹೌದು, ಸಮುದ್ರದ ತಳದ ಮೇಲೆ. ಆದರೆ ಪರವಾನಗಿ ಇರುವ ಮಾರ್ಗದರ್ಶಿ ಜೊತೆಗೇ ಹೋಗಬೇಕು. ನಾನು ಪೂರ್ತಿ ಹೋಗಲಿಲ್ಲ. ನನ್ನ ಮಂಡಿ ನೋಡಿ ಮಗಳು, ಎರಡು ಗಂಟೆಯ ಸಣ್ಣ ಸುತ್ತಿಗೆ ಹೆಸರು ಬರೆಸಿದಳು.

ಏರಿ ಇಳಿದ ಮೇಲೆ ಮೊದಲು ಉಪ್ಪು ಹುಲ್ಲುಗಾವಲು. ಅಲ್ಲಿ ಹಾಕಿದ ದಾರಿ ಬಿಟ್ಟು ಆಚೆ ಈಚೆ ಹೆಜ್ಜೆ ಇಡುವ ಹಾಗಿಲ್ಲ, ನೆಲದ ಮೇಲೆ ಹಕ್ಕಿಗಳ ಗೂಡು. ಮಾರ್ಗದರ್ಶಿ ಒಂದು ಗಿಡದ ತುದಿ ತೋರಿಸಿದರು. ಎಲೆ ಇಲ್ಲ, ಬರೀ ಗೆಣ್ಣು ಗೆಣ್ಣಿನ ಹಸಿರು ಕಡ್ಡಿ. ಒಂದು ಚೂರು ಬಾಯಿಗೆ ಹಾಕಿಸಿದರು. ಉಪ್ಪೆಂದರೆ ಉಪ್ಪು. ಒಳ್ಳೆಯ ಉಪ್ಪಿನಕಾಯಿ ಆಗುತ್ತಿತ್ತು ಅಂದೆ, ಮಗಳು ಅನುವಾದ ಮಾಡಲಿಲ್ಲ.

ಆಮೇಲೆ ಕೆಸರು. ಮೊದಲ ಹೆಜ್ಜೆಗೇ ಕಾಲು ಮಂಡಿಯ ಹತ್ತಿರದವರೆಗೆ ಹೋಯಿತು. ಗದ್ದೆ ನಾಟಿಗೆ ಇಳಿದು ಗೊತ್ತಿದ್ದವನು ನಾನು, ಕಾಲನ್ನು ನೇರ ಎಳೆಯದೆ ಹಿಮ್ಮಡಿ ಎತ್ತಿ ಬಿಡಿಸಿಕೊಂಡೆ. ಜೊತೆಗಿದ್ದ ಪಟ್ಟಣದ ಜರ್ಮನ್ನರು ಚಪ್ಪಲಿ ಕಳೆದುಕೊಂಡು ಕೂಗುತ್ತಿದ್ದರು. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹೆಮ್ಮೆ ಆಯಿತು. ಮುಂದೆ ಹೋದ ಹಾಗೆ ಕೆಸರು ಮುಗಿದು ಗಟ್ಟಿ ಮರಳು. ಅದರ ಮೇಲೆಲ್ಲ ಶ್ಯಾವಿಗೆ ಹಿಂಡಿಟ್ಟ ಹಾಗೆ ಸುರುಳಿ ಸುರುಳಿ ಗುಪ್ಪೆಗಳು. ಸಾವಿರ, ಲಕ್ಷ. ಕಣ್ಣು ಹಾಯುವಷ್ಟೂ. ಅದು ಒಂದು ಹುಳುವಿನ ಕೆಲಸ. ವಾಟ್‌ವುರ್ಮ್ ಅಂತ, ವಾಟ್‌ನ ಹುಳು. ಒಳಗೆ ಬಿಲದಲ್ಲಿ ಕೂತು ಮರಳು ತಿನ್ನುತ್ತದೆ, ಅದರಲ್ಲಿರುವ ಸತ್ವ ಇಟ್ಟುಕೊಂಡು ಉಳಿದ ಮರಳನ್ನು ಮೇಲಕ್ಕೆ ಹಿಂಡುತ್ತದೆ. ಒಂದು ಹುಳು ವರ್ಷಕ್ಕೆ ಸುಮಾರು 25 ಕೆಜಿ ಮರಳನ್ನು ಹೀಗೆ ಹಾಯಿಸುತ್ತದಂತೆ. ಅಂದರೆ ಆ ಮರಳೆಲ್ಲ ಮತ್ತೆ ಮತ್ತೆ ಹುಳುವಿನ ಹೊಟ್ಟೆ ದಾಟಿ ಬಂದದ್ದೇ.

ಒಂದು ಕಡೆ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿದರು. ಮಾತಾಡಬೇಡಿ, ಬಗ್ಗಿ ಕೇಳಿ ಅಂದರು. ಬಗ್ಗಿದೆ. ಬಿಸಿ ಕಾವಲಿಗೆ ಸಾಸಿವೆ ಹಾಕಿದ ಮೇಲೆ ಕೊನೆಗೆ ಸಣ್ಣಗೆ ಚಿಟಿಚಿಟಿ ಉಳಿಯುತ್ತದಲ್ಲ, ಅಂಥ ಸದ್ದು. ಇಡೀ ಬಯಲಿನಿಂದ. ಕೆಸರಿನಲ್ಲಿರುವ ಅಕ್ಕಿಕಾಳಿನಷ್ಟು ಸಿಗಡಿಗಳು ತಮ್ಮ ಮೀಸೆ ಬಿಚ್ಚುವಾಗ ನಡುವೆ ಇದ್ದ ನೀರಿನ ಪೊರೆ ಒಡೆಯುತ್ತದೆ, ಅದರ ಸದ್ದು ಅದು. ನನಗೆ ಎಪ್ಪತ್ತರ ಹತ್ತಿರ. ಸಮುದ್ರದ ಸದ್ದು ಅಂದರೆ ಅಬ್ಬರ ಅಂತಲೇ ತಿಳಿದಿದ್ದೆ.

ಅಲ್ಲೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ನೀರು ತಿರುಗಿ ಬರುವಾಗ ಎದುರಿನಿಂದ ಅಲೆಯಾಗಿ ಬರುವುದಿಲ್ಲ. ವಾಟ್ ನಡುವೆ ತೊರೆಯಂಥ ಕೊರಕಲುಗಳಿವೆ. ಮೊದಲು ಅವು ತುಂಬುತ್ತವೆ. ನಿಮ್ಮ ಮುಂದೆ ಇನ್ನೂ ಒಣ ಬಯಲು ಕಾಣುತ್ತಿರುವಾಗಲೇ, ಹಿಂದೆ, ನಿಮಗೂ ದಂಡೆಗೂ ನಡುವೆ ಆಳದ ನೀರು ನಿಂತಿರುತ್ತದೆ. ಮೇಲಿಂದ ಮಂಜು ಬಿದ್ದರೆ ದಿಕ್ಕೇ ಗೊತ್ತಾಗುವುದಿಲ್ಲ. ಅದಕ್ಕೇ ಅವರ ಕೊರಳಲ್ಲಿ ದಿಕ್ಸೂಚಿ. ಚೆಂದ ಇದೆ ಅಂತ ನೀವು ಒಬ್ಬರೇ ಇಳಿಯಬೇಡಿ.

ಹಕ್ಕಿಗಳ ಬಗ್ಗೆ ಹೇಳುತ್ತ ಕೂತರೆ ಸಂಜೆಯಾಗುತ್ತದೆ. ಒಂದೇ ಮಾತು. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ವಲಸೆ ಹಕ್ಕಿಗಳು ಈ ವಾಟ್ ಮೇಲೆ ಇಳಿದು, ತಿಂದು, ಹೊರಡುತ್ತವೆ. ಉತ್ತರ ಧ್ರುವದ ಕಡೆಯಿಂದ ಆಫ್ರಿಕಾಕ್ಕೆ ಹೋಗುವ ದಾರಿಯ ಖಾನಾವಳಿ ಅದು. ಊಟ ಅದೇ ಹುಳು, ಅದೇ ಸಿಗಡಿ.

ಕೊನೆಯದು ಚಹಾ. ಕಾಲು ತೊಳೆದುಕೊಂಡು, ಚಳಿಗೆ ನಡುಗುತ್ತ ನಾವು ಉಳಿದುಕೊಂಡಿದ್ದ ಮನೆಗೆ ಬಂದೆವು. ಮನೆಯ ಯಜಮಾನಿ ಎಪ್ಪತ್ತೈದರ ಹೆಂಗಸು. ಚಹಾ ಕುಡಿಯಿರಿ ಅಂದರು. ಜರ್ಮನಿ ಕಾಫಿಯ ದೇಶ, ಆದರೆ ಪೂರ್ವ ಫ್ರೀಸ್‌ಲ್ಯಾಂಡಿನವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಒಂದು ಕಾಲಕ್ಕೆ ಪ್ರಶ್ಯದ ದೊರೆ ಎರಡನೇ ಫ್ರೆಡರಿಕ್ ಈ ಚಟ ಬಿಡಿಸಲು ನೋಡಿ ಸೋತ. ಸೊಪ್ಪು ಬರುವುದು ಹೆಚ್ಚಾಗಿ ನಮ್ಮ ಅಸ್ಸಾಮಿನಿಂದ. ಕ್ರಮ ಹೀಗೆ. ತೆಳ್ಳಗಿನ ಪಿಂಗಾಣಿ ಕಪ್ಪಿಗೆ ಮೊದಲು ದೊಡ್ಡ ಕಲ್ಲುಸಕ್ಕರೆ. ಅದರ ಮೇಲೆ ಬಿಸಿ ಚಹಾ ಬಿದ್ದಾಗ ಸಕ್ಕರೆ ಚಟ್ ಅನ್ನಬೇಕು, ಅದನ್ನು ಕೇಳಿಸಿಕೊಳ್ಳಬೇಕು. ಆಮೇಲೆ ಸಣ್ಣ ಸೌಟಿನಿಂದ ಕಪ್ಪಿನ ಅಂಚಿಗೆ ಕೆನೆ ಬಿಡಬೇಕು. ಕೆನೆ ತಳಕ್ಕೆ ಹೋಗಿ ಮೋಡದ ಹಾಗೆ ಮೇಲೆದ್ದು ಬರುತ್ತದೆ. ಕಲಕಬಾರದು. ನಾನು ಕಲಕಿದೆ. ಸೈಕಲ್ ಅಜ್ಜಿ ನೋಡಿದ ಹಾಗೇ ಇವರೂ ನೋಡಿದರು.

ಮೂರು ಕಪ್ಪು ಕುಡಿಯುವುದು ಅಲ್ಲಿನ ಪದ್ಧತಿ. ಸಾಕು ಅನ್ನಬೇಕಾದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು. ಇಡದಿದ್ದರೆ ಬಗ್ಗಿಸುತ್ತಲೇ ಇರುತ್ತಾರೆ. ಮಗಳು ಕಣ್ಣಲ್ಲೇ ಹೇಳಿಕೊಟ್ಟಳು. ಮೂರಾದ ಮೇಲೆ ನಾನು ಚಮಚ ಕಪ್ಪಿಗಿಟ್ಟೆ.

ಆಗ ಅವರು ಕೇಳಿದರು, ಇಷ್ಟು ದೂರದಿಂದ ನಮ್ಮ ಊರಿಗೆ ಯಾಕೆ ಬಂದಿರಿ ಅಂತ. ಕಿಟೆಲ್ ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ರೆಸ್ಟರ್‌ಹಾಫೆಯ ಪಾದ್ರಿಯ ಮಗ, ನಮ್ಮ ಭಾಷೆಗೆ ಕೋಶ ಬರೆದವರು ಅಂದೆ. ಎಷ್ಟು ಪದ ಅಂದರು. 70 ಸಾವಿರ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮವರು ಅಷ್ಟು ಮಾತಾಡುವುದಿಲ್ಲವಲ್ಲ’ ಅಂದರು. ಆಮೇಲೆ ಒಂದು ಚೀಟಿ, ಪೆನ್ನು ತಂದಿಟ್ಟು, ನಿಮ್ಮ ಭಾಷೆಯಲ್ಲಿ ಆ ಊರಿನ ಹೆಸರು ಬರೆಯಿರಿ ಅಂದರು.

ರೆಸ್ಟರ್‌ಹಾಫೆ ಅಂತ ದುಂಡಗೆ, ಕಾಪಿ ಬರೆದ ಹಾಗೆ ಬರೆದೆ. ಅವರು ಕನ್ನಡಕ ಹಾಕಿಕೊಂಡು, ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ, ಸುರುಳಿ ಸುರುಳಿ ಅಕ್ಷರದ ಮೇಲೆ ಬೆರಳು ಆಡಿಸಿದರು. ‘ವಾಟ್‌ವುರ್ಮ್!’ ಅಂದರು. ಮಗಳು ಚಹಾ ಉಗುಳಿಕೊಂಡು ನಕ್ಕಳು. ನಾನೂ ನಕ್ಕೆ, ಏನು ಮಾಡಲಿ, ಹೋಲಿಕೆ ಸರಿಯಾಗೇ ಇತ್ತು.

ಕಿಟಕಿ ತೆರೆದಿತ್ತು, ಗಾಳಿ. ಚೀಟಿ ಹಾರಿಹೋದೀತು ಅಂತ ಕಪ್ಪಿನಲ್ಲಿದ್ದ ಚಮಚ ತೆಗೆದು ಅದರ ಮೇಲಿಟ್ಟೆ. ಅವರು ನನ್ನ ಖಾಲಿ ಕಪ್ಪು ನೋಡಿದರು, ಕೆಟಲ್ ಎತ್ತಿದರು, ನಾಲ್ಕನೇ ಸಲ ಬಗ್ಗಿಸಿದರು.